ಶಾಲೆ, ಕಾಲೇಜಿನಲ್ಲಿ ತುರ್ತು ಸಂದರ್ಭ ಬಂದಾಗ ಪೋಷಕರಿಗೆ ಸುದ್ದಿ ಮುಟ್ಟಿಸುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

ಮಲೆನಾಡಿನ ಒಂದು ಹೈಸ್ಕೂಲಿನಲ್ಲಿ ನಾನು ಮುಖ್ಯ ಶಿಕ್ಷಕನಾಗಿದ್ದಾಗ, ಜುಲೈ ತಿಂಗಳ ಒಂದು ಬೆಳಿಗ್ಗೆ, ನಮ್ಮ ಶಾಲೆಯ ವ್ಯಾನು ಚರಂಡಿಗೆ ಇಳಿಯಿತು. ಮಳೆ, ಕೆಸರು, ಎದುರಿನಿಂದ ಬಂದ ಲಾರಿ. ಮೂರು ಮಕ್ಕಳಿಗೆ ತರಚು ಗಾಯ. ಗಡಿಬಿಡಿಯಲ್ಲಿ ನಾನು ಪೋಷಕರ ವಾಟ್ಸಾಪ್ ಗ್ರೂಪಿಗೆ ಹೀಗೆ ಹಾಕಿದೆ: ‘ನಮ್ಮ ಶಾಲಾ ವಾಹನಕ್ಕೆ ಸಣ್ಣ ಅಪಘಾತವಾಗಿದೆ. ಯಾರೂ ಗಾಬರಿಯಾಗಬೇಡಿ.’

ನಮ್ಮಲ್ಲಿ ನಾಲ್ಕು ವ್ಯಾನ್‌ಗಳಿದ್ದವು. ಯಾವ ವ್ಯಾನು, ಯಾವ ದಾರಿ, ಎಷ್ಟು ಮಕ್ಕಳು ಅಂತ ಒಂದನ್ನೂ ಬರೆದಿರಲಿಲ್ಲ. ಅರ್ಧ ಗಂಟೆಯಲ್ಲಿ ಗೇಟಿನ ಮುಂದೆ ಕಾಲಿಡಲು ಜಾಗ ಇರಲಿಲ್ಲ. ಒಬ್ಬ ತಾಯಿಯ ಕೈಯಲ್ಲಿ ರೊಟ್ಟಿ ಹಿಟ್ಟು ಹಾಗೇ ಒಣಗಿತ್ತು. ಅವರ ಮಗ ದಿನಾ ನಡೆದೇ ಬರುವ ಹುಡುಗ. ಎಂಟನೇ ಕ್ಲಾಸಿನಲ್ಲಿ ಕೂತು ಲೆಕ್ಕ ಮಾಡುತ್ತಿದ್ದ. ‘ನಿಮ್ಮ ಹುಡುಗ ವ್ಯಾನ್ ಹತ್ತೋದೇ ಇಲ್ವಲ್ಲಮ್ಮಾ’ ಅಂದೆ. ‘ಮಳೆ ಅಂತ ಇವತ್ತು ಹತ್ತಿಬಿಟ್ಟಿದ್ರೆ ಅಂತ ಓಡಿ ಬಂದೆ ಸಾರ್’ ಅಂದರು. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಅವರನ್ನು ಓಡಿಸಿದ್ದು ಅಪಘಾತ ಅಲ್ಲ, ನನ್ನ ಮೆಸೇಜು.

ನಿವೃತ್ತಿಯಾದ ಮೇಲೆ ಬೇರೆ ಬೇರೆ ಶಾಲೆ, ಪಿಯು ಕಾಲೇಜು, ಹಾಸ್ಟೆಲ್‌ಗಳವರ ಜೊತೆ ಈ ವಿಷಯ ಮಾತಾಡುತ್ತಾ ಬಂದಿದ್ದೇನೆ. ಎಲ್ಲ ಕಡೆ ಅದದೇ ತಪ್ಪು. ಸುದ್ದಿ ತಡವಾಗಿ ಹೋಗುತ್ತದೆ. ಹೋದರೂ ಅದರಲ್ಲಿ ವಿವರ ಇರುವುದಿಲ್ಲ. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. 2023ರ ಡಿಸೆಂಬರ್ 1ರಂದು ಬೆಂಗಳೂರಿನ ಹತ್ತಾರು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇಮೇಲ್ ಬಂದು, ಕೊನೆಗೆ ಅದು ಹುಸಿ ಅಂತ ಗೊತ್ತಾಯಿತಲ್ಲ, ಅವತ್ತು ಶಾಲೆಗಳ ಕಡೆ ಓಡಿದ ತಂದೆ ತಾಯಂದಿರನ್ನು ನೆನಪಿಸಿಕೊಳ್ಳಿ. ಅಂಥ ದಿನ ನಿಮ್ಮ ಶಾಲೆಗೂ ಬರಬಹುದು ಅಂತಲೇ ಇದನ್ನು ಬರೆಯುತ್ತಿದ್ದೇನೆ. ಇಲ್ಲಿರುವ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಕ್ರಮ ತಪ್ಪಿದರೆ ಒಳ್ಳೆಯ ಮೆಸೇಜೂ ಕೆಲಸಕ್ಕೆ ಬರುವುದಿಲ್ಲ.

ಹಂತ 1: ಏನೂ ಆಗದ ದಿನವೇ ಇವನ್ನು ತಯಾರಿಡಿ

ಒಂದು ಚೀಲ ಇಡಿ. ಆಫೀಸಿನ ಬೀರುವಿನಲ್ಲಿ ಬೀಗ ಹಾಕಿ ಅಲ್ಲ, ಬಾಗಿಲ ಹಿಂದೆ ಮೊಳೆಗೆ ನೇತುಹಾಕಿ. ಕಟ್ಟಡ ಬಿಟ್ಟು ಹೊರಗೆ ಓಡುವಾಗ ಒಂದೇ ಕೈಯಲ್ಲಿ ಎತ್ತಿಕೊಳ್ಳುವಂತಿರಬೇಕು. ಅದರಲ್ಲಿ ಇರಬೇಕಾದ್ದು:

- ಕ್ಲಾಸುವಾರು ಮಕ್ಕಳ ಪಟ್ಟಿ, ಕಾಗದದ ಮೇಲೆ. ಪ್ರತಿ ಮಗುವಿಗೆ ಎರಡು ಫೋನ್ ನಂಬರ್, ಎರಡೂ ಬೇರೆ ಬೇರೆ ಮನೆಯವರದ್ದು.
- ವ್ಯಾನು, ಬಸ್ಸುಗಳ ದಾರಿ, ಚಾಲಕರ ನಂಬರು, ಯಾವ ವಾಹನದಲ್ಲಿ ಯಾವ ಮಕ್ಕಳು ಎಂಬ ಪಟ್ಟಿ.
- ಫಿಟ್ಸ್, ಅಸ್ತಮಾ, ಸಕ್ಕರೆ ಕಾಯಿಲೆ ಇರುವ ಮಕ್ಕಳ ಹೆಸರು, ಅವರ ಔಷಧಿ.
- ಒಂದು ಕೀಪ್ಯಾಡ್ ಫೋನು, ಬೇರೆ ಸಿಮ್ಮು, ಚಾರ್ಜ್ ಆದ ಪವರ್ ಬ್ಯಾಂಕ್.
- ಕೈಯಲ್ಲಿ ಹಿಡಿಯುವ ಮೈಕು, ಅದರ ಸೆಲ್ಲುಗಳು.
- ಎರಡು ನೋಟ್‌ಬುಕ್, ಪೆನ್ನು, ಸೀಮೆಸುಣ್ಣ.
- ನಂಬರುಗಳ ಚೀಟಿ: ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಎಲ್ಲಕ್ಕೂ 112, ಆಂಬುಲೆನ್ಸಿಗೆ 108, ಮಕ್ಕಳ ಸಹಾಯವಾಣಿ 1098, ಜಿಲ್ಲಾ ವಿಪತ್ತು ಕಂಟ್ರೋಲ್ ರೂಮಿಗೆ 1077. ಜೊತೆಗೆ ಹತ್ತಿರದ ಠಾಣೆ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ, ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ), ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರು, ಪಂಚಾಯಿತಿ ಪಿಡಿಒ.

ಕಾಗದದ ಪಟ್ಟಿ ಯಾಕೆ, ಎಲ್ಲ ಕಂಪ್ಯೂಟರಿನಲ್ಲಿ ಇದೆಯಲ್ಲ ಅಂತ ಕೇಳುವವರು ಇರುತ್ತಾರೆ. ಬೆಂಕಿ ಬಿದ್ದರೆ ಮೊದಲು ಮೇನ್ ಆಫ್ ಮಾಡುತ್ತೇವೆ. ಕಂಪ್ಯೂಟರಿರುವ ಕೋಣೆಗೆ ಯಾರೂ ಹೋಗುವಂತಿರುವುದಿಲ್ಲ.

ಆಮೇಲೆ ವಾಟ್ಸಾಪ್. ಕ್ಲಾಸ್ ಗ್ರೂಪುಗಳಲ್ಲಿ ಎಲ್ಲರೂ ಬರೆಯುತ್ತಾರೆ. ಹುಟ್ಟುಹಬ್ಬದ ಶುಭಾಶಯದ ನಡುವೆ ನಿಮ್ಮ ಮುಖ್ಯ ಸುದ್ದಿ ಎಲ್ಲೋ ಮೇಲೆ ಹೋಗಿಬಿಡುತ್ತದೆ. ಅದಕ್ಕೇ ಅಡ್ಮಿನ್ ಮಾತ್ರ ಬರೆಯಬಹುದಾದ ಒಂದು ಗ್ರೂಪನ್ನು ಬೇರೆ ಮಾಡಿ. ಬ್ರಾಡ್‌ಕಾಸ್ಟ್ ಲಿಸ್ಟ್ ಇದೆ ಅಂತ ನೆಚ್ಚಿಕೊಳ್ಳಬೇಡಿ. ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಒಂದು ಲಿಸ್ಟಿನಲ್ಲಿ 256 ಜನರಿಗಿಂತ ಜಾಸ್ತಿ ಸೇರಿಸಲೂ ಆಗುವುದಿಲ್ಲ.

ಎಸ್‌ಎಂಎಸ್ ಬಗ್ಗೆ ಬಹಳ ಶಾಲೆಗಳಿಗೆ ತಿಳಿಯದ ವಿಷಯ ಒಂದಿದೆ. ಒಟ್ಟಿಗೆ ಸಾವಿರಾರು ಜನಕ್ಕೆ ಕಳಿಸುವ ಎಸ್‌ಎಂಎಸ್‌ಗೆ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮದ ಪ್ರಕಾರ ಡಿಎಲ್‌ಟಿ ನೋಂದಣಿ ಬೇಕು, ಅಂದರೆ ಮೊಬೈಲ್ ಕಂಪನಿಗಳ ವ್ಯವಸ್ಥೆಯಲ್ಲಿ ಕಳಿಸುವವರ ಹೆಸರು ದಾಖಲಾಗಿರಬೇಕು. ಮೆಸೇಜಿನ ಮಾದರಿಗೂ ಮೊದಲೇ ಒಪ್ಪಿಗೆ ಆಗಿರಬೇಕು. ತುರ್ತು ಹೊತ್ತಿನಲ್ಲಿ ಹೊಸದಾಗಿ ಬರೆದು ಕಳಿಸಿದರೆ ಅದು ಹೋಗುವುದೇ ಇಲ್ಲ. ಹಾಗಾಗಿ ಮೂರು ನಾಲ್ಕು ಮಾದರಿಗಳಿಗೆ ಈಗಲೇ ಒಪ್ಪಿಗೆ ತೆಗೆದುಕೊಳ್ಳಿ, ಸಮಯದ ಜಾಗ ಮಾತ್ರ ಖಾಲಿ ಬಿಡಿ. ಇನ್ನೊಂದು ಲೆಕ್ಕ: ಇಂಗ್ಲಿಷಿನಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ ಹಿಡಿಸಿದರೆ ಕನ್ನಡದಲ್ಲಿ 70 ಮಾತ್ರ. ‘ಶಾಲೆ’ ಅಂದರೆ ನಮಗೆ ಎರಡು ಅಕ್ಷರ, ಅದಕ್ಕೆ ನಾಲ್ಕು. ಕಾಗುಣಿತ, ಒತ್ತು ಎಲ್ಲ ಬೇರೆ ಬೇರೆ ಲೆಕ್ಕವಾಗುತ್ತದೆ. ‘ಮಕ್ಕಳು ಕ್ಷೇಮ. ಈಗ ಬರಬೇಡಿ. ಮುಂದಿನ ಸುದ್ದಿ 11:30ಕ್ಕೆ.’ ಇದು ಆರಾಮಾಗಿ ಹಿಡಿಸುತ್ತದೆ.

ಹಂತ 2: ಮೂರು ಜನರನ್ನು ಗೊತ್ತು ಮಾಡಿ

ಮಾತಾಡುವವರು ಒಬ್ಬರು. ಬರೆಯುವವರು ಒಬ್ಬರು. ಕೇಳಿಸಿಕೊಳ್ಳುವವರು ಒಬ್ಬರು. ಮೂವರೂ ಬೇರೆ ಬೇರೆ ಆಗಿರಬೇಕು.

ಮಾತಾಡುವವರು ಸಾಮಾನ್ಯವಾಗಿ ಮುಖ್ಯ ಶಿಕ್ಷಕರು ಅಥವಾ ಪ್ರಾಂಶುಪಾಲರು. ಬರೆಯುವವರು ಮೆಸೇಜು ಕಳಿಸುತ್ತಾರೆ, ಯಾವ ಹೊತ್ತಿಗೆ ಏನು ಕಳಿಸಿದೆವು ಅಂತ ನೋಟ್‌ಬುಕ್ಕಿನಲ್ಲಿ ಗುರುತು ಹಾಕುತ್ತಾರೆ. ಕೇಳಿಸಿಕೊಳ್ಳುವವರ ಕೆಲಸವನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ, ಆದರೆ ಅದೇ ದೊಡ್ಡದು. ಅವರು ಫೋನು ಎತ್ತುತ್ತಾರೆ, ಗ್ರೂಪುಗಳಲ್ಲಿ ಏನು ಓಡಾಡುತ್ತಿದೆ ಎಂದು ನೋಡುತ್ತಾರೆ, ಗೇಟಿನಲ್ಲಿ ಜನ ಏನು ಕೇಳುತ್ತಿದ್ದಾರೆ ಎಂದು ತಿಳಿದು ಒಳಗೆ ಹೇಳುತ್ತಾರೆ. ಒಳ್ಳೆಯ ಗುಮಾಸ್ತರು ಇದ್ದರೆ ಈ ಕೆಲಸಕ್ಕೆ ಅವರೇ ಸರಿ. ಊರಿನ ಅರ್ಧ ಜನರ ಧ್ವನಿ ಅವರಿಗೆ ಗೊತ್ತಿರುತ್ತದೆ.

ಮೂವರಿಗೂ ಬದಲಿ ಒಬ್ಬೊಬ್ಬರನ್ನು ಈಗಲೇ ಹೇಳಿಡಿ. ಹೆಡ್‌ಮಾಸ್ಟರು ಮೀಟಿಂಗಿಗೆ ಹೋದ ದಿನವೇ ಏನಾದರೂ ಆಗುವುದು ಜಾಸ್ತಿ. ಹಾಗೆ ಆದಾಗ ‘ಸರ್ ಬರಲಿ’ ಅಂತ ಕಾದು ಗಂಟೆ ಕಳೆದ ಶಾಲೆಗಳನ್ನು ನೋಡಿದ್ದೇನೆ.

ಹಂತ 3: ಮೊದಲ ಹತ್ತು ನಿಮಿಷ

ಮೊದಲು ಮಕ್ಕಳು, ಆಮೇಲೆ 112, ಆಮೇಲೆ ಸುದ್ದಿ. 112ಕ್ಕೆ ಫೋನ್ ಮಾಡುವವರು ಒಬ್ಬರೇ ಇರಲಿ. ಹತ್ತು ಟೀಚರುಗಳು ಹತ್ತು ರೀತಿ ಹೇಳುವುದು ಬೇಡ.

ಅದೇ ಹೊತ್ತಿಗೆ ಬರೆಯುವವರು ನೋಟ್‌ಬುಕ್ ತೆರೆದು ಮೂರು ಕಾಲಂ ಗೀಟು ಹಾಕಲಿ. ‘ಗೊತ್ತಿರುವುದು’, ‘ಗೊತ್ತಿಲ್ಲದ್ದು’, ‘ಕೇಳಿ ಬಂದದ್ದು’. ಕಣ್ಣಾರೆ ನೋಡಿದ್ದು, ಎಣಿಸಿದ್ದು, ಡಾಕ್ಟರು ಅಥವಾ ಪೊಲೀಸರು ಹೇಳಿದ್ದು ಮಾತ್ರ ಮೊದಲ ಕಾಲಂಗೆ. ‘ಯಾರೋ ಹೇಳಿದ್ರು ಐದು ಜನಕ್ಕೆ ಪೆಟ್ಟಾಗಿದೆಯಂತೆ’ ಅನ್ನುವುದು ಮೂರನೆಯದಕ್ಕೆ. ‘ಅಂತೆ’ ಇರುವ ಯಾವ ಮಾತೂ ಮೊದಲ ಕಾಲಂಗೆ ಹೋಗಬಾರದು. ಹೊರಗೆ ಹೋಗುವ ಪ್ರತಿ ಮೆಸೇಜೂ ಮೊದಲ ಕಾಲಂನಿಂದಲೇ ಬರಬೇಕು.

ತಲೆ ಎಣಿಕೆ ಮುಗಿಯುವ ತನಕ ‘ಎಲ್ಲ ಮಕ್ಕಳೂ ಕ್ಷೇಮ’ ಅಂತ ಬರೆಯಬೇಡಿ. ಬೆಳಗಿನ ಹಾಜರಿ ಪುಸ್ತಕದ ಲೆಕ್ಕಕ್ಕೂ ಮೈದಾನದಲ್ಲಿ ನಿಂತ ಮಕ್ಕಳ ಲೆಕ್ಕಕ್ಕೂ ತಾಳೆಯಾಗಬೇಕು. ಶೌಚಾಲಯಕ್ಕೆ ಹೋದವರು, ಕಬಡ್ಡಿ ಟೂರ್ನಮೆಂಟಿಗೆ ಹೋದವರು, ಹೊಟ್ಟೆ ನೋವು ಅಂತ ಹತ್ತು ಗಂಟೆಗೇ ಮನೆಗೆ ಹೋದವರು, ಎಲ್ಲರ ಲೆಕ್ಕ ಸಿಗಬೇಕು. ಒಂದು ಮಗು ಕಡಿಮೆ ಬಂದರೆ ನೀವು ಕ್ಷೇಮ ಅಂದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಆಮೇಲೆ ನಿಮ್ಮ ಯಾವ ಮಾತನ್ನೂ ಯಾರೂ ನಂಬುವುದಿಲ್ಲ.

ಹಂತ 4: ಪೆಟ್ಟಾದ ಮಗುವಿನ ಮನೆಗೆ ಮೊದಲು ಫೋನ್ ಮಾಡಿ

ಇದನ್ನು ತಪ್ಪಿಸಿ ನೇರ ಗ್ರೂಪಿಗೆ ಹಾಕುವವರೇ ಹೆಚ್ಚು. ತಮ್ಮ ಮಗಳಿಗೆ ಪೆಟ್ಟಾದ ಸುದ್ದಿಯನ್ನು ಪಕ್ಕದ ಮನೆಯವರ ಮೊಬೈಲಿನಿಂದ ತಿಳಿಯುವ ಸ್ಥಿತಿ ಯಾವ ತಂದೆ ತಾಯಿಗೂ ಬರಬಾರದು.

ಫೋನ್ ಮಾಡುವವರು ಕ್ಲಾಸ್ ಟೀಚರೇ ಆಗಿರಲಿ. ಮೊದಲ ಮಾತಿನಲ್ಲೇ ಮಗು ಹೇಗಿದೆ ಎಂದು ಹೇಳಬೇಕು. ‘ನೀವು ಗಾಬರಿ ಆಗಬಾರದು, ಒಂದು ವಿಷಯ ಹೇಳಬೇಕಿತ್ತು’ ಅಂತ ಶುರು ಮಾಡಿದರೆ ಆ ಕಡೆ ಜೀವ ಬಾಯಿಗೆ ಬಂದಿರುತ್ತದೆ. ಹೀಗೆ ಹೇಳಿ: ‘ಅಮ್ಮಾ, ನಾನು ಕ್ಲಾಸ್ ಟೀಚರ್ ಮಾತಾಡ್ತಿದ್ದೀನಿ. ಮಗಳು ಎಚ್ಚರವಾಗಿದ್ದಾಳೆ, ಮಾತಾಡ್ತಿದ್ದಾಳೆ. ಕೈಗೆ ಪೆಟ್ಟಾಗಿದೆ. ತಾಲ್ಲೂಕು ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದೀವಿ. ಪಿಟಿ ಮೇಷ್ಟ್ರು ಜೊತೆಗಿದ್ದಾರೆ, ಅವರ ನಂಬರ್ ಬರ್ಕೊಳ್ಳಿ. ನೀವು ನೇರ ಆಸ್ಪತ್ರೆಗೇ ಬನ್ನಿ.’ ಆಸ್ಪತ್ರೆಯಲ್ಲಿ ಮಗುವಿನ ಜೊತೆ ಶಾಲೆಯವರು ಒಬ್ಬರು ಇರಲೇಬೇಕು. ತಾಯಿ ಬರುವವರೆಗೆ ಅವರು ಅಲ್ಲಿಂದ ಕದಲಬಾರದು.

ಗಾಯ ಗಂಭೀರವಾಗಿದ್ದರೆ ಸುಳ್ಳು ಸಮಾಧಾನ ಹೇಳಬೇಡಿ. ‘ಡಾಕ್ಟರು ನೋಡ್ತಿದ್ದಾರೆ, ನೀವು ಬೇಗ ಬನ್ನಿ, ಒಬ್ಬರೇ ಗಾಡಿ ಓಡಿಸಿಕೊಂಡು ಬರಬೇಡಿ’ ಎಂದರೆ ಸಾಕು. ಸಾವಿನ ಸುದ್ದಿಯನ್ನು ಮಾತ್ರ ಫೋನಿನಲ್ಲಿ ಹೇಳಬಾರದು. ಪೊಲೀಸರ ಜೊತೆ, ಮನೆಯವರಿಗೆ ಪರಿಚಯ ಇರುವ ಒಬ್ಬರು ಖುದ್ದಾಗಿ ಹೋಗಿ ಹೇಳಬೇಕು. ಅಲ್ಲಿಯವರೆಗೆ ಯಾವ ಗ್ರೂಪಿನಲ್ಲೂ ಒಂದಕ್ಷರ ಬರಬಾರದು.

ಹಂತ 5: ಮೊದಲ ಮೆಸೇಜು

ಘಟನೆ ಆಗಿ ಹದಿನೈದು ಇಪ್ಪತ್ತು ನಿಮಿಷದೊಳಗೆ ಇದು ಹೋಗಬೇಕು. ಎಲ್ಲ ತಿಳಿದ ಮೇಲೆ ಬರೆಯೋಣ ಅಂತ ಕೂತರೆ ಆಗುವುದೇ ಬೇರೆ. ರಸ್ತೆಯಲ್ಲಿ ಹೋಗುವವರು ಫೋಟೊ ತೆಗೆದು ಸ್ಟೇಟಸ್ಸಿಗೆ ಹಾಕಿರುತ್ತಾರೆ. ಪೋಷಕರಿಗೆ ಮೊದಲು ತಲುಪುವುದು ಅದೇ.

ನಾನು ಅವತ್ತು ಬರೆಯಬೇಕಾಗಿದ್ದ ಮೆಸೇಜು ಇದು. ಎಷ್ಟೋ ವರ್ಷ ಆದ ಮೇಲೆ ಕೂತು ಬರೆದೆ:

‘ಬೆಳಿಗ್ಗೆ 9:10. ನಮ್ಮ 3ನೇ ನಂಬರ್ ವ್ಯಾನು ಸೇತುವೆ ಹತ್ತಿರ ಚರಂಡಿಗೆ ಇಳಿದಿದೆ. ಅದರಲ್ಲಿ 14 ಮಕ್ಕಳಿದ್ದರು. ಮೂವರಿಗೆ ತರಚು ಗಾಯವಾಗಿದೆ. ಆ ಮೂವರ ಮನೆಗೂ ಫೋನ್ ಮಾಡಿ ಹೇಳಿದ್ದೇವೆ. ಉಳಿದ 11 ಮಕ್ಕಳು ಶಾಲೆಗೆ ಬಂದಿದ್ದಾರೆ. ಬೇರೆ ಮೂರು ವ್ಯಾನ್‌ಗಳೂ ಶಾಲೆ ತಲುಪಿವೆ. ನಮ್ಮಿಂದ ನಿಮಗೆ ಫೋನ್ ಬಂದಿಲ್ಲ ಎಂದರೆ ನಿಮ್ಮ ಮಗುವಿಗೆ ಗಾಯ ಆಗಿಲ್ಲ. ಶಾಲೆಗೆ ಬರುವ ಅಗತ್ಯ ಇಲ್ಲ. ಮುಂದಿನ ಸುದ್ದಿ 9:40ಕ್ಕೆ, ಇದೇ ಗ್ರೂಪಿನಲ್ಲಿ. ಮುಖ್ಯ ಶಿಕ್ಷಕರು.’

ಇದರಲ್ಲಿ ಏನೇನಿದೆ ನೋಡಿ. ಹೊತ್ತು ಇದೆ. ಎಲ್ಲಿ, ಏನು, ಎಷ್ಟು ಅಂತ ಇದೆ. ಪೋಷಕರು ಈಗ ಏನು ಮಾಡಬೇಕು ಅಂತ ಇದೆ. ಮುಂದಿನ ಸುದ್ದಿ ಯಾವಾಗ ಅಂತ ಇದೆ. ಯಾರು ಹೇಳುತ್ತಿದ್ದಾರೆ ಅಂತ ಇದೆ. ‘ಗಾಬರಿಯಾಗಬೇಡಿ’ ಇಲ್ಲ. ಅದನ್ನು ಓದಿ ಸಮಾಧಾನ ಆದವರನ್ನು ನಾನು ಇವತ್ತಿನವರೆಗೆ ಕಂಡಿಲ್ಲ. ಗಾಯವಾದ ಮಕ್ಕಳ ಹೆಸರೂ ಇಲ್ಲ, ಫೋಟೊ ಅಂತೂ ಇಲ್ಲವೇ ಇಲ್ಲ. ಯಾರ ತಪ್ಪು ಅನ್ನುವ ಮಾತೂ ಇಲ್ಲ. ಲಾರಿಯವನದ್ದೋ ನಮ್ಮ ಚಾಲಕನದ್ದೋ, ಅದನ್ನು ಪೊಲೀಸರು ನೋಡಿಕೊಳ್ಳುತ್ತಾರೆ.

‘ಫೋನ್ ಬಂದಿಲ್ಲ ಎಂದರೆ ನಿಮ್ಮ ಮಗುವಿಗೆ ಗಾಯ ಆಗಿಲ್ಲ’ ಅನ್ನುವ ಸಾಲು ಇಡೀ ಮೆಸೇಜಿನ ಜೀವ. ಆದರೆ ಎಲ್ಲ ಮನೆಗಳಿಗೂ ಫೋನ್ ಸಿಕ್ಕಿದ ಮೇಲೆ ಮಾತ್ರ ಅದನ್ನು ಬರೆಯಬಹುದು. ಒಂದು ಮನೆ ಬಾಕಿ ಇದ್ದರೂ ಆ ಸಾಲು ಬಿಡಿ.

ಕನ್ನಡ ಓದಲು ಬಾರದ ಪೋಷಕರು ಎಲ್ಲ ಊರಲ್ಲೂ ಇದ್ದಾರೆ. ಕಾಫಿ ತೋಟಕ್ಕೆ ಬಂದವರು, ಕಟ್ಟಡ ಕೆಲಸಕ್ಕೆ ಬಂದವರು, ಅಕ್ಷರ ಕಲಿಯದ ಅಜ್ಜ ಅಜ್ಜಿಯರು. ಅದೇ ಮೆಸೇಜನ್ನು ನಲವತ್ತು ಸೆಕೆಂಡಿನ ಧ್ವನಿ ಮಾಡಿ ಕಳಿಸಿ, ಊರಿನ ಮಾತಿನಲ್ಲೇ, ನಿಧಾನವಾಗಿ. ಅಗತ್ಯ ಇದ್ದರೆ ಉರ್ದು, ಹಿಂದಿ, ತಮಿಳು, ತೆಲುಗಿನಲ್ಲೂ ಒಂದೊಂದು. ಆ ಭಾಷೆ ಬಲ್ಲ ಟೀಚರೋ ಪೋಷಕರೋ ಇದ್ದೇ ಇರುತ್ತಾರೆ, ಅವರ ಹೆಸರನ್ನು ಈಗಲೇ ಬರೆದಿಟ್ಟುಕೊಳ್ಳಿ.

ಘಟನೆ ಬೇರೆಯಾದರೆ ಮೆಸೇಜು ಸ್ವಲ್ಪ ಬದಲಾಗುತ್ತದೆ. ಬಾಂಬ್ ಬೆದರಿಕೆ ಬಂದಾಗ ಮಕ್ಕಳನ್ನು ಎಲ್ಲಿ ಕೂರಿಸಿದ್ದೀರಿ ಎಂದು ಪೊಲೀಸರು ಒಪ್ಪುವ ಮೊದಲು ಬರೆಯಬೇಡಿ. ಬೆದರಿಕೆ ಇಮೇಲಿನ ಚಿತ್ರವನ್ನು ಯಾವ ಗ್ರೂಪಿಗೂ ಹಾಕಬೇಡಿ, ಅಳಿಸಲೂ ಬೇಡಿ, ಅದು ತನಿಖೆಗೆ ಬೇಕು. ಬಿಸಿಯೂಟ ಉಂಡು ವಾಂತಿಯಾದರೆ ಮನೆಗೆ ಹೋಗಿಬಿಟ್ಟ ಮಕ್ಕಳ ಬಗ್ಗೆ ಮೊದಲು ಯೋಚಿಸಿ. ‘ವಾಂತಿ, ಭೇದಿ, ಹೊಟ್ಟೆನೋವು ಕಂಡರೆ ತಕ್ಷಣ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆತನ್ನಿ’ ಅನ್ನುವುದು ಮೊದಲ ಸಾಲಾಗಲಿ. ಅಡುಗೆಯವರ ಮೇಲೆ ಒಂದು ಮಾತೂ ಬೇಡ. ಉಳಿದ ಊಟವನ್ನು ಚೆಲ್ಲದೆ ಎತ್ತಿಡಿ.

ಹಂತ 6: ಗೇಟು

ಬರಬೇಡಿ ಅಂದರೂ ಕೆಲವರು ಬಂದೇ ಬರುತ್ತಾರೆ. ಮಗುವನ್ನು ಕಣ್ಣಲ್ಲಿ ನೋಡಬೇಕು ಅನ್ನುವುದು ತಪ್ಪಲ್ಲ. ಅವರನ್ನು ಗದರಿಸಬೇಡಿ.

ಗೇಟಿನ ಹೊರಗೆ ಒಂದು ಕರಿಹಲಗೆ ಇಡಿ. ಮೆಸೇಜಿನಲ್ಲಿ ಏನಿದೆಯೋ ಅದೇ ಸಾಲುಗಳನ್ನು ದೊಡ್ಡದಾಗಿ ಬರೆಯಿರಿ, ಸಮಯ ಸಮೇತ. ಹಲಗೆಯಲ್ಲಿ ಒಂದು, ಮೊಬೈಲಿನಲ್ಲಿ ಇನ್ನೊಂದು ಆಗಬಾರದು. ವಾಚ್‌ಮ್ಯಾನ್ ಮತ್ತು ಅಟೆಂಡರಿಗೆ ಒಂದೇ ಮಾತು ಹೇಳಿಕೊಡಿ: ‘ಹಲಗೆ ಮೇಲೆ ಬರೆದಿದ್ದಾರೆ ನೋಡಿ, ಮುಂದಿನ ಸುದ್ದಿಯನ್ನು ಇಂಥ ಹೊತ್ತಿಗೆ ಸರ್ ಬಂದು ಹೇಳ್ತಾರೆ.’ ಅದಕ್ಕಿಂತ ಜಾಸ್ತಿ ಅವರು ಹೇಳಬಾರದು. ಪಾಪ, ಎಲ್ಲರೂ ಮೊದಲು ಕೇಳುವುದು ಅವರನ್ನೇ. ಏನೂ ಹೇಳಿಕೊಡದೆ ನಿಲ್ಲಿಸಿದರೆ ತಮಗೆ ತೋಚಿದ್ದನ್ನು ಹೇಳುತ್ತಾರೆ.

ಮಕ್ಕಳನ್ನು ಮನೆಗೆ ಕಳಿಸಬೇಕಾದರೆ ಎರಡು ಗೇಟು ಬಳಸಿ. ಒಂದರಲ್ಲಿ ಪೋಷಕರು ಒಳಗೆ, ಇನ್ನೊಂದರಲ್ಲಿ ಮಗುವಿನ ಜೊತೆ ಹೊರಗೆ. ಒಂದೇ ಗೇಟು ಇರುವ ಶಾಲೆಯಾದರೆ ಮಧ್ಯೆ ಹಗ್ಗ ಕಟ್ಟಿ. ಆಂಬುಲೆನ್ಸ್ ಬರುವ ದಾರಿಯಲ್ಲಿ ಒಂದು ಬೈಕೂ ನಿಲ್ಲಬಾರದು. ಅದಕ್ಕೆ ಒಬ್ಬ ಮೇಷ್ಟರನ್ನೇ ನಿಲ್ಲಿಸಿ.

ಒಪ್ಪಿಸುವ ಪುಸ್ತಕದಲ್ಲಿ ಮಗುವಿನ ಹೆಸರು, ಕ್ಲಾಸು, ಕರೆದುಕೊಂಡು ಹೋದವರ ಹೆಸರು, ಸಂಬಂಧ, ಸಮಯ, ಸಹಿ ಬರೆಸಿ. ಸಹಿ ಮಾಡಲು ಬಾರದವರಿಂದ ಹೆಬ್ಬೆಟ್ಟು. ‘ಪಕ್ಕದ ಮನೆಯವನು, ನಾನೇ ಕರ್ಕೊಂಡು ಹೋಗ್ತೀನಿ’ ಅಂದವರ ಜೊತೆ ಸುಮ್ನೆ ಕಳಿಸಬೇಡಿ. ಮನೆಗೆ ಫೋನ್ ಮಾಡಿ ಕೇಳಿ, ಮಗುವನ್ನೂ ಕೇಳಿ, ಮಗುವಿನ ಮುಖ ನೋಡಿ. ತಂದೆ ತಾಯಿ ಬೇರೆ ಬೇರೆ ಇರುವ ಮನೆಗಳ ಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಜನ ನುಗ್ಗುತ್ತಿದ್ದಾರೆ ಅಂತ ಈ ಪುಸ್ತಕವನ್ನು ಬದಿಗಿಟ್ಟರೆ ಸಂಜೆ ಐದಕ್ಕೆ ‘ನನ್ನ ಮಗ ಎಲ್ಲಿ’ ಅಂತ ಬಂದವರಿಗೆ ನಿಮ್ಮ ಬಳಿ ಉತ್ತರ ಇರುವುದಿಲ್ಲ.

ಹಂತ 7: ಹೇಳಿದ ಹೊತ್ತಿಗೆ ಮತ್ತೆ ಹೇಳಿ

9:40 ಅಂದಿದ್ದರೆ 9:40ಕ್ಕೆ ಮೆಸೇಜು ಹೋಗಬೇಕು. ಹೊಸದೇನೂ ಇಲ್ಲದಿದ್ದರೂ ಹೋಗಬೇಕು. ‘9:40. ಹೊಸ ಬದಲಾವಣೆ ಇಲ್ಲ. ಮೂವರು ಮಕ್ಕಳೂ ಆಸ್ಪತ್ರೆಯಲ್ಲಿ ಪೋಷಕರ ಜೊತೆ ಇದ್ದಾರೆ. ಮುಂದಿನ ಸುದ್ದಿ 10:15ಕ್ಕೆ.’ ಇಷ್ಟೇ ಸಾಕು. ಹೇಳಿದ ಹೊತ್ತಿಗೆ ಸುದ್ದಿ ಬಂದರೆ ಜನ ಕಾಯುತ್ತಾರೆ. ಐದು ನಿಮಿಷ ತಡವಾದರೂ ಫೋನು ಶುರುವಾಗುತ್ತದೆ.

ಎಲ್ಲ ಫೋನಿಗೂ ಉತ್ತರಿಸಲು ಆಗದೆ ಸ್ವಿಚ್ ಆಫ್ ಮಾಡುವ ಶಾಲೆಗಳಿವೆ. ಅದು ದೊಡ್ಡ ತಪ್ಪು. ಪೋಷಕರಿಗೆ ಅದರ ಅರ್ಥ ಒಂದೇ: ಏನೋ ಮುಚ್ಚಿಡುತ್ತಿದ್ದಾರೆ.

ನೀವೇ ತಪ್ಪು ಹೇಳಿದ್ದು ಗೊತ್ತಾದರೆ ಹಳೆಯ ಮೆಸೇಜನ್ನು ಗುಟ್ಟಾಗಿ ಅಳಿಸಬೇಡಿ. ಅಷ್ಟರಲ್ಲಿ ಅದರ ಸ್ಕ್ರೀನ್‌ಶಾಟ್ ನೂರು ಕಡೆ ಹೋಗಿರುತ್ತದೆ. ‘ತಿದ್ದುಪಡಿ: 9:10ರ ಮೆಸೇಜಿನಲ್ಲಿ ಮೂವರು ಅಂತ ಬರೆದಿದ್ದೆವು. ನಾಲ್ವರಿಗೆ ಗಾಯವಾಗಿದೆ’ ಅಂತ ಹೊಸದಾಗಿ ಬರೆಯಿರಿ.

ಹಂತ 8: ಗಾಳಿಸುದ್ದಿ

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಹಳ್ಳಿಯೊಂದರಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಹೊರಗಿನ ಯುವಕರನ್ನು ಮಕ್ಕಳ ಕಳ್ಳರು ಅಂತ ವಾಟ್ಸಾಪಿನಲ್ಲಿ ಹಬ್ಬಿಸಿದರು. ಜನ ಸೇರಿ ಹೊಡೆದರು, ಹೈದರಾಬಾದಿನ ಒಬ್ಬ ಯುವಕ ಸತ್ತೇ ಹೋದ. ಶಾಲೆಯ ಗ್ರೂಪಿನಲ್ಲಿ ‘ಮಕ್ಕಳ ಕಳ್ಳರು ಬಂದಿದ್ದಾರಂತೆ, ಹುಷಾರು’ ಅಂತ ಒಬ್ಬ ಟೀಚರ್ ಫಾರ್ವರ್ಡ್ ಮಾಡಿದರೆ ಅದಕ್ಕೆ ಶಾಲೆಯ ಮುದ್ರೆ ಬಿದ್ದ ಹಾಗೆ. ಠಾಣೆಗೆ ಫೋನ್ ಮಾಡಿ ಕೇಳದೆ ಅಂಥದ್ದನ್ನು ಮುಂದೆ ದಾಟಿಸಲೇಬಾರದು. ಇದನ್ನು ಸಿಬ್ಬಂದಿ ಸಭೆಯಲ್ಲಿ ಹೇಳಿ, ಸಹಿ ಹಾಕಿಸಿಕೊಳ್ಳಿ.

ಗಾಳಿಸುದ್ದಿಗೆ ಉತ್ತರ ಕೊಡುವಾಗ ಆ ಸುದ್ದಿಯನ್ನೇ ಮತ್ತೆ ಹಂಚಬೇಡಿ. ಅದರ ಚಿತ್ರದ ಮೇಲೆ ‘ಸುಳ್ಳು’ ಅಂತ ಕೆಂಪಕ್ಷರದಲ್ಲಿ ಬರೆದು ಕಳಿಸಿದರೆ ಅರ್ಧ ಜನ ಚಿತ್ರವನ್ನು ಮಾತ್ರ ನೋಡುತ್ತಾರೆ. ನಿಜವನ್ನು ಮೊದಲ ಸಾಲಿನಲ್ಲಿ ಬರೆಯಿರಿ: ‘10ನೇ ತರಗತಿಯ ಎಲ್ಲ ಮಕ್ಕಳೂ ಶಾಲೆಯಲ್ಲಿದ್ದಾರೆ. ಯಾರೂ ಕಾಣೆಯಾಗಿಲ್ಲ.’

ಮಳೆ ರಜೆಯ ಗೊಂದಲ ಕರಾವಳಿ, ಮಲೆನಾಡು, ಕೊಡಗಿನವರಿಗೆ ಪ್ರತಿ ವರ್ಷದ್ದು. ಕಳೆದ ವರ್ಷದ ಆದೇಶದ ದಿನಾಂಕ ತಿದ್ದಿ ಹರಿಬಿಡುವವರಿದ್ದಾರೆ. ಜಿಲ್ಲಾಧಿಕಾರಿಗಳ ಆದೇಶ ಬಂತು ಅಂದ ಕೂಡಲೇ ನಾಲ್ಕು ನೋಡಿ: ಇಸವಿ ಸಮೇತ ದಿನಾಂಕ, ಜಿಲ್ಲೆಯ ಹೆಸರು, ಇಡೀ ಜಿಲ್ಲೆಗೋ ಕೆಲವು ತಾಲ್ಲೂಕಿಗೋ, ಅಂಗನವಾಡಿಯಿಂದ ಎಲ್ಲಿಯವರೆಗೆ. ಪಿಯುವರೆಗೆ ರಜೆ ಅಂತಿದ್ದರೆ ಡಿಗ್ರಿ ಕಾಲೇಜಿಗೆ ಇಲ್ಲ. ಆಮೇಲೆ ಬಿಇಒ ಕಚೇರಿ ಅಥವಾ ಸಿಆರ್‌ಪಿ ಹತ್ತಿರ ಖಾತ್ರಿ ಮಾಡಿಕೊಂಡು ಕಳಿಸಿ. ಬೆಳಿಗ್ಗೆ ತಡವಾಗಿ ಆದೇಶ ಬಂದರೆ ಮೊದಲ ಫೋನು ವ್ಯಾನು ಚಾಲಕರಿಗೆ ಹೋಗಲಿ. ಆ ಹೊತ್ತಿಗೆ ಅರ್ಧ ಮಕ್ಕಳು ದಾರಿಯಲ್ಲಿರುತ್ತಾರೆ, ಅಲ್ವಾ? ಶಾಲೆಗೆ ಬಂದುಬಿಟ್ಟ ಮಕ್ಕಳನ್ನು, ಮನೆಯಲ್ಲಿ ಯಾರಿದ್ದಾರೆ ಅಂತ ಕೇಳದೆ ವಾಪಸ್ ಕಳಿಸಬೇಡಿ.

ಹಂತ 9: ಪತ್ರಕರ್ತರು, ಕ್ಯಾಮೆರಾ, ಕಾನೂನು

ಪತ್ರಕರ್ತರಿಗೆ ಗೇಟಿನ ಹೊರಗೆ, ಮಕ್ಕಳು ಕಾಣದ ಕಡೆ ಒಂದು ಜಾಗ ತೋರಿಸಿ. ಕಾಯಿಸಬೇಡಿ, ತಳ್ಳಬೇಡಿ. ಪೋಷಕರಿಗೆ ಹೇಳಿದ್ದನ್ನೇ ಅವರಿಗೂ ಹೇಳಿ, ಪೋಷಕರಿಗೆ ಹೇಳಿದ ಮೇಲೆ ಹೇಳಿ. ಸರ್ಕಾರಿ ಶಾಲೆಯವರಾದರೆ ಬಿಇಒ ಅವರಿಗೆ ಮೊದಲು ತಿಳಿಸಿ, ಹೇಳಿಕೆ ಯಾರು ಕೊಡಬೇಕು ಎಂದು ಕೇಳಿಕೊಳ್ಳಿ. ಗೊತ್ತಿಲ್ಲದ್ದಕ್ಕೆ ‘ಅದು ಇನ್ನೂ ಖಚಿತವಾಗಿಲ್ಲ, 12 ಗಂಟೆಗೆ ಹೇಳುತ್ತೇವೆ’ ಅನ್ನಿ. ‘ನೋ ಕಾಮೆಂಟ್ಸ್’ ಅಂತ ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ ಸಂಜೆಯ ಟಿವಿಯಲ್ಲಿ ಆ ಮುಚ್ಚಿದ ಬಾಗಿಲೇ ಸುದ್ದಿ.

ಮಕ್ಕಳ ಮುಂದೆ ಮೈಕು ಹಿಡಿಯಲು ಬಿಡಬೇಡಿ. ಬಾಲನ್ಯಾಯ ಕಾಯ್ದೆ 2015ರ 74ನೇ ಸೆಕ್ಷನ್ ಪ್ರಕಾರ, ಅಪರಾಧಕ್ಕೆ ಬಲಿಯಾದ ಅಥವಾ ಸಾಕ್ಷಿಯಾದ ಮಗುವಿನ ಗುರುತು ಸಿಗುವಂಥದ್ದನ್ನು ಪ್ರಕಟಿಸುವಂತಿಲ್ಲ. ಹೆಸರು, ವಿಳಾಸ, ಶಾಲೆಯ ಹೆಸರು ಎಲ್ಲ ಅದರಲ್ಲಿ ಬರುತ್ತದೆ. ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು. ಪತ್ರಿಕೆ, ಟಿವಿಗೆ ಮಾತ್ರ ಅಂತ ತಿಳಿಯಬೇಡಿ. ಬೇರೆ ರೀತಿಯ ಸಂವಹನವನ್ನೂ ಆ ಸೆಕ್ಷನ್ ಹೇಳುತ್ತದೆ. ನಿಮ್ಮ ವಾಟ್ಸಾಪ್ ಗ್ರೂಪನ್ನೂ ಹಾಗೇ ನೋಡಿ.

ಲೈಂಗಿಕ ದೌರ್ಜನ್ಯದ ದೂರು ಬಂದರೆ ಮೇಲಿನ ಯಾವ ಮೆಸೇಜು ಮಾದರಿಯೂ ನಡೆಯುವುದಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲು ಇದೆ. ಶಾಲೆಯೊಳಗೇ ‘ವಿಚಾರಣೆ’ ಮಾಡಿ ಮಗುವನ್ನು ಹತ್ತು ಜನರ ಮುಂದೆ ಹತ್ತು ಸಲ ಮಾತಾಡಿಸಬೇಡಿ. ಯಾವ ಕ್ಲಾಸು ಅಂತಲೂ ಹೊರಗೆ ಬರಬಾರದು. ಸಣ್ಣ ಊರಲ್ಲಿ ‘ಏಳನೇ ಕ್ಲಾಸಿನ ಹುಡುಗಿ’ ಅಂದರೆ ಸಾಕು, ಮನೆ ಗೊತ್ತಾಗಿಬಿಡುತ್ತದೆ.

ಹಂತ 10: ಕಾಲೇಜು, ಹಾಸ್ಟೆಲ್‌ನವರಿಗೆ

ಕಾಲೇಜಿನಲ್ಲಿ ಪ್ರತಿ ವಿದ್ಯಾರ್ಥಿಯ ಕೈಯಲ್ಲೂ ಕ್ಯಾಮೆರಾ ಇದೆ. ಫೋನ್ ಕಿತ್ತುಕೊಳ್ಳಲು ಹೋದರೆ ಜಗಳ, ಆ ಜಗಳದ ವಿಡಿಯೊ ಬೇರೆ. ಅದರ ಬದಲು ಪೋಷಕರಿಗೆ ಹೇಳುವ ಮೊದಲು ಐದು ನಿಮಿಷ ವಿದ್ಯಾರ್ಥಿಗಳಿಗೆ ಹೇಳಿ. ‘ಮನೆಗೆ ಫೋನ್ ಮಾಡಿ ಕ್ಷೇಮವಾಗಿದ್ದೇನೆ ಅನ್ನಿ. ಗಾಯವಾದವರ ವಿಡಿಯೊ ಹಾಕಬೇಡಿ, ಅವರ ಅಮ್ಮ ಅದನ್ನು ನೋಡುತ್ತಾರೆ.’ ಈ ಮಾತಿಗೆ ಹುಡುಗರು ಬೆಲೆ ಕೊಡುತ್ತಾರೆ. ನಿಯಮ ಅಂತ ಗದರಿಸಿದರೆ ಕೊಡುವುದಿಲ್ಲ.

ಹಾಸ್ಟೆಲಿನಲ್ಲಿ ವಿದ್ಯಾರ್ಥಿಯೊಬ್ಬರು ಪ್ರಾಣ ಕಳೆದುಕೊಂಡರೆ ಹೇಗೆ, ಯಾಕೆ ಅನ್ನುವುದನ್ನು ಯಾವ ಸಂದೇಶದಲ್ಲೂ ಬರೆಯಬೇಡಿ. ಪತ್ರ ಸಿಕ್ಕಿದ್ದರೆ ಅದು ಪೊಲೀಸರಿಗೆ ಮಾತ್ರ. ‘ಫೇಲಾಗಿದ್ದಕ್ಕೆ’, ‘ಪ್ರೀತಿ ವಿಷಯಕ್ಕೆ’ ಅಂತ ಒಂದೇ ಕಾರಣ ಕಟ್ಟಿ ಹೇಳಬೇಡಿ. ಅದೇ ಸಂಕಟದಲ್ಲಿರುವ ಇನ್ನೊಂದು ಮಗು ಅದನ್ನು ಓದುತ್ತಿರುತ್ತದೆ. ಸಂದೇಶದ ಕೊನೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರು 14416 ಹಾಕಿ. ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಆ ರಾತ್ರಿ ವಾರ್ಡನ್ ಪ್ರತಿ ರೂಮಿನ ಬಾಗಿಲು ತಟ್ಟಿ ಮಾತಾಡಿಸಲಿ.

ಹಂತ 11: ಮುಗಿಸುವುದು

ಅಪಾಯ ಕಳೆಯಿತು ಅಂತ ಹೇಳಲು ಎಲ್ಲರೂ ಮರೆಯುತ್ತಾರೆ. ಬಾಂಬ್ ಇಲ್ಲ ಅಂತ ಪೊಲೀಸರು ಹೇಳಿದ ಮೇಲೆ ‘ಮಧ್ಯಾಹ್ನ 2:30. ಪೊಲೀಸರು ಪೂರ್ತಿ ತಪಾಸಣೆ ಮಾಡಿ ಏನೂ ಇಲ್ಲ ಎಂದಿದ್ದಾರೆ. ನಾಳೆ ಎಂದಿನಂತೆ ತರಗತಿ ಇದೆ’ ಅಂತ ಕಳಿಸಿ. ಮಾರನೆಯ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಮಕ್ಕಳಿಗೂ ಹೇಳಿ, ಅವರಿಗೆ ತಿಳಿಯುವ ಮಾತಿನಲ್ಲಿ. ಮನೆಯಲ್ಲಿ ಅರ್ಧಂಬರ್ಧ ಕೇಳಿಸಿಕೊಂಡು ಬಂದಿರುತ್ತಾರೆ.

ಒಂದು ವಾರದೊಳಗೆ ಎಸ್‌ಡಿಎಂಸಿ ಅಥವಾ ಪೋಷಕರ ಸಭೆ ಕರೆಯಿರಿ. ನೋಟ್‌ಬುಕ್ ಮುಂದಿಟ್ಟುಕೊಂಡು ಯಾವ ಹೊತ್ತಿಗೆ ಏನಾಯಿತು ಅಂತ ಓದಿ. ಯಾರಿಗೆ ಸುದ್ದಿ ತಲುಪಲಿಲ್ಲ ಅಂತ ಕೇಳಿ, ಬರೆದುಕೊಳ್ಳಿ.

ಈ ತಿಂಗಳೇ ಮಾಡಬಹುದಾದ ಒಂದು ಪರೀಕ್ಷೆ

ಒಂದು ಶನಿವಾರ ಬೆಳಿಗ್ಗೆ ಎಲ್ಲ ಪೋಷಕರಿಗೂ ‘ಇದು ಪರೀಕ್ಷೆ. ತಲುಪಿದ್ದರೆ ನಿಮ್ಮ ಮಗುವಿನ ಕೈಯಲ್ಲಿ ಸೋಮವಾರ ಒಂದು ಚೀಟಿ ಕಳಿಸಿ’ ಅಂತ ಮೆಸೇಜು ಹಾಕಿ. ಸೋಮವಾರ ಚೀಟಿ ತಾರದ ಮಕ್ಕಳ ಪಟ್ಟಿ ಮಾಡಿ, ಆ ಮನೆಗಳ ಎರಡೂ ನಂಬರಿಗೆ ಫೋನ್ ಮಾಡಿ. ಕೆಲವು ನಂಬರು ಚಾಲ್ತಿಯಲ್ಲೇ ಇರುವುದಿಲ್ಲ. ಕೆಲವು ದುಬೈಗೋ ಬೆಂಗಳೂರಿಗೋ ದುಡಿಯಲು ಹೋದ ಅಪ್ಪನದ್ದಾಗಿರುತ್ತವೆ, ಮನೆಯಲ್ಲಿರುವ ಅಜ್ಜಿಗೆ ಫೋನೇ ಇರುವುದಿಲ್ಲ. ಅಂಥ ಮನೆಯ ಪಕ್ಕದಲ್ಲಿ ಓಡಿ ಹೋಗಿ ಸುದ್ದಿ ಹೇಳುವವರು ಯಾರಿದ್ದಾರೆ ಅಂತ ಕೇಳಿ, ಅವರ ಹೆಸರು, ನಂಬರನ್ನು ಚೀಲದಲ್ಲಿರುವ ಪಟ್ಟಿಯಲ್ಲಿ ಆ ಮಗುವಿನ ಹೆಸರಿನ ಮುಂದೆ ಪೆನ್ನಿನಲ್ಲಿ ಬರೆಯಿರಿ.